ಅಂಗೈಯಗಲದ ಹೆಡ್, ಐದು ಟನ್ ಹಿಡಿತ!

ನೂರು ಸಿಸಿ ಬೈಕೊಂದು ಸಿಗ್ನಲ್ಲಿನಲ್ಲಿ ನಿಂತಿದೆ. ಸವಾರ ಆಕ್ಸಿಲರೇಟರ್ ಮುಟ್ಟಿಲ್ಲ. ಇಂಜಿನ್ ನಿಮಿಷಕ್ಕೆ 1400 ಸುತ್ತು ಹಾಕುತ್ತ ತನ್ನಷ್ಟಕ್ಕೆ ಗುನುಗುತ್ತಿದೆ. ಆ ಒಂದು ನಿಮಿಷದಲ್ಲಿ ಅವನ ಎರಡು ಪಾದಗಳ ನಡುವೆ 700 ಸಲ ಬೆಂಕಿ ಹೊತ್ತಿ ಆರುತ್ತದೆ! ಹಸಿರು ದೀಪ ಬಂತು, ಗಾಡಿ ಓಡಿತು, ಸುತ್ತು 6000ಕ್ಕೆ ಏರಿತು. ಈಗ ಸೆಕೆಂಡಿಗೆ 50 ಬೆಂಕಿ. ಒಂದೊಂದರಲ್ಲೂ ಒಳಗಿನ ಅನಿಲ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದನ್ನು ಮೇಲಿಂದ ಮುಚ್ಚಿ ಹಿಡಿದಿರುವ ಸಿಲಿಂಡರ್ ಹೆಡ್ ಯಾವ ಲೋಹದ್ದು? ಅಲ್ಯೂಮಿನಿಯಂ. ಅದು ಕರಗುವುದು 660 ಡಿಗ್ರಿಗೆ!

ಕರಗುವುದಿಲ್ಲ. ಹಾರುವುದಿಲ್ಲ. ಸೋರುವುದೂ ಇಲ್ಲ. ವೆಲ್ಡಿಂಗ್ ಇಲ್ಲ, ಅಂಟಿಲ್ಲ. ಅದನ್ನು ಹಿಡಿದಿರುವುದು ನಾಲ್ಕು ಸ್ಟಡ್, ನಾಲ್ಕು ನಟ್. ಅಷ್ಟೇ!

ಊರಿಗೆ ಹತ್ತರಂತೆ ಇರುವ ಗ್ಯಾರೇಜುಗಳಲ್ಲಿ ಹೆಡ್ ಇಳಿಸುವುದು, ಏರಿಸುವುದು ದಿನನಿತ್ಯದ ಕೆಲಸ. ನೋಡಿ ನೋಡಿ ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಒಮ್ಮೆ ಹತ್ತಿರ ಕೂತು, ಕೈಯಲ್ಲೊಂದು ಪೆನ್ಸಿಲ್ ಹಿಡಿದು ಲೆಕ್ಕ ಹಾಕುತ್ತ ನೋಡಿ. ಬಿಗಿಯಾದ ಒಂದು ಹೆಡ್ಡನ್ನು ಸರಿಯಾಗಿ ಕೂರಿಸುವ ಆ ಅರ್ಧ ಗಂಟೆಯಲ್ಲಿ ಭೌತಶಾಸ್ತ್ರದ ಎಷ್ಟೆಲ್ಲ ನಿಯಮಗಳು ಕೈಬೆರಳಿನ ತುದಿಗೆ ಬಂದು ನಿಲ್ಲುತ್ತವೆ ಎಂದರೆ, ಉಸಿರು ಬಿಗಿಹಿಡಿಯಬೇಕಾಗುತ್ತದೆ.

ಎಂಟು ಕ್ವಿಂಟಾಲ್ ಒದೆತ

ನಮ್ಮ ರಸ್ತೆಗಳಲ್ಲಿ ಎಲ್ಲರಿಗೂ ಪರಿಚಿತವಾದ ಇಂಜಿನ್ನನ್ನೇ ತೆಗೆದುಕೊಳ್ಳೋಣ. 1985ರಲ್ಲಿ ಹರಿಯಾಣದ ಧಾರುಹೇರಾದಿಂದ ಬಂದ ಹೀರೋ ಹೋಂಡಾ ಸಿಡಿ 100, ಆಮೇಲೆ 1994ರ ಸ್ಪ್ಲೆಂಡರ್. ಎರಡರಲ್ಲೂ ಇರುವುದು 97.2 ಸಿಸಿಯ, ನೆಲಕ್ಕೆ ಒರಗಿದಂತೆ ಮಲಗಿದ ಆ ಪುಟ್ಟ ಇಂಜಿನ್. ಅದರ ವಂಶದ ಬೇರು 1958ರಲ್ಲಿ ಜಪಾನಿನಲ್ಲಿ ಹೊರಬಂದ ಹೋಂಡಾ ಸೂಪರ್ ಕಬ್‌ನಲ್ಲಿದೆ. ಆ ಕಬ್ ಸರಣಿಯ ಗಾಡಿಗಳು 2017ರ ಹೊತ್ತಿಗೆ ಹತ್ತು ಕೋಟಿ ದಾಟಿದವು! ಜಗತ್ತಿನ ಇನ್ನಾವ ಮೋಟಾರು ವಾಹನದ ಹೆಸರಿನಲ್ಲೂ ಇಷ್ಟು ಗಾಡಿಗಳು ತಯಾರಾಗಿಲ್ಲ.

ಈ 97.2 ಸಿಸಿ ಇಂಜಿನ್ನಿನ ಬೋರ್ 50 ಮಿಲಿಮೀಟರ್, ಸ್ಟ್ರೋಕ್ 49.5 ಮಿಲಿಮೀಟರ್. ಪಿಸ್ಟನ್ನಿನ ತಲೆಯ ವಿಸ್ತೀರ್ಣ ಹತ್ತಿರ ಹತ್ತಿರ 19.6 ಚದರ ಸೆಂಟಿಮೀಟರ್. ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಇಂಥ ಪೆಟ್ರೋಲ್ ಇಂಜಿನ್ನಿನ ಒಳಗಿನ ಒತ್ತಡ ವಾತಾವರಣದ ಒತ್ತಡಕ್ಕಿಂತ 40 ಪಟ್ಟು ಏರಬಲ್ಲದು. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 40 ಕಿಲೋ. ಗುಣಿಸಿ ನೋಡಿ: 800 ಕಿಲೋ! ಎಂಟು ಕ್ವಿಂಟಾಲಿನ ಒದೆತ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ, ಅದೇ ಕ್ಷಣಕ್ಕೆ ಅಷ್ಟೇ ಬಲದಿಂದ ಹೆಡ್ಡನ್ನು ಮೇಲಕ್ಕೆ ತಳ್ಳುತ್ತದೆ. ಪಿಸ್ಟನ್ ಓಡಿಹೋಗಿ ಆ ಬಲವನ್ನು ಚಕ್ರಕ್ಕೆ ಕೊಡುತ್ತದೆ. ಹೆಡ್ ಮಾತ್ರ ಕದಲುವಂತಿಲ್ಲ.

ಇನ್ನೊಂದು ಲೆಕ್ಕ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ, ಸರಾಸರಿ 5000 ಸುತ್ತಿನಲ್ಲಿ ಗಾಡಿ ಒಂದು ಲಕ್ಷ ಕಿಲೋಮೀಟರ್ ಓಡಿತು ಎಂದಿಟ್ಟುಕೊಳ್ಳಿ. ಆಗ ಆ ಹೆಡ್ ತಿನ್ನುವ ಒದೆತಗಳು 30 ಕೋಟಿ. ಎಲ್ಲವೂ ಎಂಟು ಕ್ವಿಂಟಾಲಿನವಲ್ಲ, ಅರ್ಧ ಆಕ್ಸಿಲರೇಟರಿನಲ್ಲಿ ಕಡಿಮೆ ಇರುತ್ತದೆ. ಆದರೂ 30 ಕೋಟಿ!

ಮುಚ್ಚಳವೇ ಇಲ್ಲದ ಕಾಲ

ಹೆಡ್ ಮತ್ತು ಬ್ಲಾಕ್ ನಡುವಿನ ಸಂದಿಯನ್ನು ಸೋರದಂತೆ ಮಾಡುವುದು ಎಷ್ಟು ಕಷ್ಟವೆಂದರೆ, ಹಳೆಯ ಕಾಲದ ಬಹಳಷ್ಟು ಇಂಜಿನ್ನುಗಳಲ್ಲಿ ಆ ಸಂದಿಯೇ ಇರಲಿಲ್ಲ. ಹೆಡ್ಡನ್ನೂ ಸಿಲಿಂಡರನ್ನೂ ಒಂದೇ ಎರಕದಲ್ಲಿ ಹುಯ್ಯುತ್ತಿದ್ದರು. ಸಂದಿಯಿಲ್ಲದ ಮೇಲೆ ಸೋರುವುದೆಲ್ಲಿ! ಆದರೆ ವಾಲ್ವ್ ಉಜ್ಜಬೇಕೆಂದರೆ, ಒಳಗಿನ ಕಾರ್ಬನ್ ಕೆರೆಯಬೇಕೆಂದರೆ, ಮೇಲಿನ ಸಣ್ಣ ಬಿರಡೆಯೊಳಗಿಂದ ಕೈಚಳಕ ತೋರಿಸಬೇಕಿತ್ತು. ಇಲ್ಲವೇ ಇಡೀ ಸಿಲಿಂಡರನ್ನೇ ಕಿತ್ತು ಹೊರತೆಗೆಯಬೇಕಿತ್ತು.

1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಬಿಚ್ಚಬಹುದಾದ ಹೆಡ್ಡನ್ನು ಲಕ್ಷಗಟ್ಟಲೆ ಜನರ ಮನೆಬಾಗಿಲಿಗೆ ತಂದಿತು. ನಾಲ್ಕು ಸಿಲಿಂಡರಿಗೆ ಒಂದೇ ಬ್ಲಾಕ್, ಮೇಲೆ ಬೋಲ್ಟ್ ಹಾಕಿದ ಒಂದೇ ಮುಚ್ಚಳ. ಹಳ್ಳಿಯ ರೈತ ಕೂಡ ಪಾನ ಹಿಡಿದು ತನ್ನ ಇಂಜಿನ್ನಿನ ಹೊಟ್ಟೆ ನೋಡಬಹುದಾಯಿತು. ಆದರೂ ಆ ಸಂದಿಯ ಭಯ ಪೂರ್ತಿ ಹೋಗಲಿಲ್ಲ. ಅಮೆರಿಕದ ರೇಸ್ ಟ್ರ್ಯಾಕುಗಳನ್ನು ದಶಕಗಳ ಕಾಲ ಆಳಿದ ಆಫನ್‌ಹೌಸರ್ ಇಂಜಿನ್ನುಗಳಲ್ಲಿ ಹೆಡ್ಡೂ ಬ್ಲಾಕೂ ಒಂದೇ ಎರಕವಾಗಿದ್ದವು. ರೇಸಿಂಗ್ ಲೋಕ ಎಚ್ಚರಿಕೆಯಿಂದ ದೂರವಿಟ್ಟಿದ್ದ ಸಂದಿ ಇವತ್ತು ನಮ್ಮ ಹಾಲು ಹಾಕುವ ಹುಡುಗನ ಬೈಕಿನಲ್ಲೂ ಇದೆ, ವರ್ಷಗಟ್ಟಲೆ ಸೋರದೆ ಇದೆ! ಅದು ಹೇಗೆ ಸಾಧ್ಯವಾಯಿತು ಎಂಬುದೇ ಈ ಕಥೆಯ ಜೀವ.

ಮೂರು ತಟ್ಟೆಗಳ ಚಮತ್ಕಾರ

ಮೊದಲ ಉತ್ತರ: ಮಟ್ಟಸ. ಹೆಡ್ಡಿನ ಕೆಳಮುಖ, ಬ್ಲಾಕಿನ ಮೇಲ್ಮುಖ ಎರಡೂ ಸಮತಟ್ಟಾಗಿರಬೇಕು. ಎಷ್ಟು ಸಮತಟ್ಟು? ಸಣ್ಣ ಇಂಜಿನ್ನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ 0.05 ಮಿಲಿಮೀಟರ್. ತಲೆಗೂದಲಿನ ದಪ್ಪ ಸುಮಾರು 0.07 ಮಿಲಿಮೀಟರ್. ಅಂದರೆ ಒಂದು ಕೂದಲೆಳೆ ನುಸುಳುವಷ್ಟು ಬಾಗಿದರೂ ಆ ಹೆಡ್ ಕೆಟ್ಟಂತೆ!

ಮೆಕ್ಯಾನಿಕ್ ಇದನ್ನು ಪರೀಕ್ಷಿಸುವ ರೀತಿ ನೋಡಿ. ನೇರವಾದ ಉಕ್ಕಿನ ಪಟ್ಟಿಯೊಂದನ್ನು ಹೆಡ್ಡಿನ ಮೇಲೆ ಮೂಲೆಯಿಂದ ಮೂಲೆಗೆ ಇಡುತ್ತಾನೆ. ಕೆಳಗೆ ಫೀಲರ್ ಗೇಜಿನ ತೆಳ್ಳನೆಯ ಎಲೆ ತೂರಿಸಿ ನೋಡುತ್ತಾನೆ. ಎಲೆ ನುಗ್ಗಿತೋ, ಹೆಡ್ ಬಾಗಿದೆ. ಆಗ ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ಹೆಡ್ಡನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿಸುತ್ತ ಉಜ್ಜುತ್ತಾನೆ. ಎಂಟರ ಆಕಾರ ಏಕೆ? ಒಂದೇ ದಿಕ್ಕಿಗೆ ಉಜ್ಜಿದರೆ ಕೈಯ ಭಾರ ಬಿದ್ದ ಕಡೆ ಹೆಚ್ಚು ಸವೆಯುತ್ತದೆ. ಎಂಟು ಬರೆದರೆ ಸವೆತ ಎಲ್ಲ ಕಡೆಗೂ ಹಂಚಿಹೋಗುತ್ತದೆ.

ಆ ಗಾಜಿನ ಕಥೆಯೇ ಒಂದು ಬೆರಗು. ಇಂದಿನ ಕಿಟಕಿ ಗಾಜನ್ನು ಕರಗಿದ ತವರದ ಕೊಳದ ಮೇಲೆ ತೇಲಿಸಿ ಮಾಡುತ್ತಾರೆ. ಇಂಗ್ಲೆಂಡಿನ ಅಲಾಸ್ಟೇರ್ ಪಿಲ್ಕಿಂಗ್ಟನ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಅದು. ದ್ರವವನ್ನು ಮಟ್ಟ ಮಾಡುವುದು ಭೂಮಿಯ ಗುರುತ್ವಾಕರ್ಷಣೆ. ಆ ಮಟ್ಟವೇ ಗಾಜಿಗೆ, ಗಾಜಿನಿಂದ ಹೆಡ್ಡಿಗೆ ಇಳಿದು ಬರುತ್ತದೆ. ಗ್ಯಾರೇಜಿನ ಮೂಲೆಯಲ್ಲಿ ಭೂಮಿಯೇ ಕೆಲಸಕ್ಕೆ ನಿಂತಿದೆ!

ಗಾಜು ಇಷ್ಟು ಮಟ್ಟಸವಾಗುವ ಮೊದಲು? ಮಟ್ಟಸವಾದದ್ದನ್ನು ಮಾಡಲು ಅದಕ್ಕಿಂತ ಮಟ್ಟಸವಾದದ್ದು ಬೇಕಲ್ಲವೇ? ಹಾಗಾದರೆ ಮೊಟ್ಟಮೊದಲ ಮಟ್ಟಸ ಎಲ್ಲಿಂದ ಬಂತು? ಉತ್ತರ ಕೇಳಿದರೆ ರೋಮಾಂಚನವಾಗುತ್ತದೆ. ಎರಡು ಲೋಹದ ತಟ್ಟೆಗಳನ್ನು ಒಂದಕ್ಕೊಂದು ಹೊಂದುವವರೆಗೆ ಕೆರೆದು ಸರಿಮಾಡಿದರೆ ಒಂದು ಉಬ್ಬಿ, ಇನ್ನೊಂದು ತಗ್ಗಿ, ಎರಡೂ ಸುಳ್ಳೇ ಹೊಂದಿಬಿಡಬಹುದು. ಆದರೆ ಮೂರು ತಟ್ಟೆ ಇಟ್ಟುಕೊಂಡು, ಒಂದನೆಯದಕ್ಕೆ ಎರಡನೆಯದು, ಎರಡನೆಯದಕ್ಕೆ ಮೂರನೆಯದು, ಮೂರನೆಯದಕ್ಕೆ ಮತ್ತೆ ಒಂದನೆಯದು ಎಂದು ಹೊಂದಿಸುತ್ತ ಹೋದರೆ? ಮೂರೂ ಒಂದಕ್ಕೊಂದು ಹೊಂದಬೇಕಾದರೆ ಮೂರೂ ಸಮತಟ್ಟಾಗಲೇಬೇಕು, ಬೇರೆ ದಾರಿಯೇ ಇಲ್ಲ! ಯಾವ ಅಳತೆಗೋಲೂ ಇಲ್ಲದೆ, ಬರೀ ಹೋಲಿಕೆಯಿಂದ ಸಮತಲ ಹುಟ್ಟುತ್ತದೆ. ಈ ವಿದ್ಯೆಯನ್ನು ಇಂಗ್ಲೆಂಡಿನ ಇಂಜಿನಿಯರ್ ಜೋಸೆಫ್ ವಿಟ್ವರ್ತ್ 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯ ಮುಂದಿಟ್ಟ. ಮರುವರ್ಷ ಬೋಲ್ಟಿನ ಮರೆಗಳಿಗೂ ಒಂದು ನಿಯಮ ಬರೆದ. ಹೆಡ್ ಕೂರಲು ಬೇಕಾದ ಸಮತಲ, ಅದನ್ನು ಹಿಡಿಯಲು ಬೇಕಾದ ಮರೆ, ಎರಡರ ಹಿಂದೆಯೂ ಒಬ್ಬನೇ ಮನುಷ್ಯ!

ಏಕೆ ಇಳಿಯುತ್ತಿಲ್ಲ?

ಈಗ ಹೆಡ್ ಸ್ವಚ್ಛವಾಗಿದೆ. ಸಂದಿಯಲ್ಲಿ ಕೂತು ಸೋರಿಕೆ ತಡೆಯುವ ತೆಳು ಹಾಳೆಯಾದ ಗ್ಯಾಸ್ಕೆಟ್ಟಿನ ಹಳೆಯ ಚೂರುಗಳನ್ನು ಮೆದುವಾಗಿ ಕೆರೆದು ತೆಗೆದಾಗಿದೆ, ಹೊಸ ಗ್ಯಾಸ್ಕೆಟ್ ಬ್ಲಾಕಿನ ಮೇಲೆ ಮಲಗಿದೆ. ನಾಲ್ಕು ಸ್ಟಡ್ಡುಗಳು ಮೇಲೆ ಚಾಚಿವೆ. ಟೈಮಿಂಗ್ ಚೈನ್ ಕ್ರ್ಯಾಂಕ್‌ಕೇಸಿನೊಳಗೆ ಬೀಳದಂತೆ ಒಂದು ತಂತಿಯಲ್ಲಿ ತೂಗಿಬಿಟ್ಟಿದ್ದಾರೆ. ಹೆಡ್ ಇಳಿಯುತ್ತ ಬಂತು. ಇನ್ನೇನು ಕೂತಿತು ಎನ್ನುವಾಗ, ನಾಲ್ಕಾರು ಮಿಲಿಮೀಟರ್ ಮೇಲೆ, ಗಕ್ಕನೆ ನಿಂತಿತು.

ಅಲ್ಲಿ ತಡೆದವರು ಡೋವೆಲ್‌ಗಳು. ಸ್ಟಡ್ಡಿನ ಸುತ್ತ ಕೂರುವ ಸಣ್ಣ ಉಕ್ಕಿನ ಕೊಳವೆಗಳು ಅವು. ಸ್ಟಡ್ಡುಗಳು ಹೆಡ್ಡನ್ನು ಒತ್ತಿ ಹಿಡಿಯುತ್ತವೆ, ಆದರೆ ಅವುಗಳ ರಂಧ್ರ ಸಡಿಲ. ಹೆಡ್ ಅತ್ತಿತ್ತ ಸರಿಯದೆ ತನ್ನ ಜಾಗದಲ್ಲೇ ಇರುವಂತೆ ನೋಡಿಕೊಳ್ಳುವುದು ಡೋವೆಲ್‌ಗಳ ಕೆಲಸ. ಅದಕ್ಕೇ ಅವು ಬಿಗಿ. ಅವು ಬಿಗಿಯಾಗಿರುವುದರಿಂದಲೇ ದಹನಕೋಣೆ ಬೋರಿನ ನೆತ್ತಿಗೆ ಸರಿಯಾಗಿ ಬರುತ್ತದೆ, ಚೈನಿನ ಸಾಲು ನೇರವಿರುತ್ತದೆ.

ಇಲ್ಲಿ ಆತುರದ ಕೈ ನಟ್ ಹಾಕಿ ಎಳೆಯಲು ಹೊರಡುತ್ತದೆ. ಬೇಡ! ಒಂದು ಕಡೆ ಎಳೆದರೆ ಹೆಡ್ ಓರೆಯಾಗುತ್ತದೆ. ಓರೆಯಾದರೆ ಡೋವೆಲ್ಲಿನ ಮೇಲಂಚು ಒಂದು ಪಕ್ಕಕ್ಕೆ, ಕೆಳಭಾಗ ಎದುರು ಪಕ್ಕಕ್ಕೆ ಒತ್ತುತ್ತದೆ. ಬಲ ಹೆಚ್ಚಿದಷ್ಟೂ ಆ ಎರಡು ಕಡೆಯ ಘರ್ಷಣೆಯೂ ಹೆಚ್ಚುತ್ತದೆ. ಅಂದರೆ ನೀವು ಎಷ್ಟು ಜೋರು ಮಾಡುತ್ತೀರೋ ಅದೂ ಅಷ್ಟೇ ಜೋರಾಗಿ ಹಿಡಿದುಕೊಳ್ಳುತ್ತದೆ! ಕೊನೆಗೆ ಉಕ್ಕು ಗೆಲ್ಲುತ್ತದೆ, ಅಲ್ಯೂಮಿನಿಯಂ ಸುಲಿಯುತ್ತದೆ, ಆ ಸಿಪ್ಪೆ ಹೋಗಿ ಗ್ಯಾಸ್ಕೆಟ್ಟಿನ ಮೇಲೆ ಬೀಳುತ್ತದೆ. ಅಲ್ಲಿಂದಲೇ ಸೋರಿಕೆಗೆ ದಾರಿ.

ಬಲ್ಲವರು ಹೆಡ್ಡನ್ನು ಮತ್ತೆ ಮೇಲೆತ್ತುತ್ತಾರೆ. ಡೋವೆಲ್ ಮೇಲೆ ತುಕ್ಕಿದೆಯೇ? ಯಾರೋ ಹಿಂದೊಮ್ಮೆ ಇಕ್ಕಳ ಹಾಕಿದ ಗಾಯವಿದೆಯೇ? ರಂಧ್ರದೊಳಗೆ ಕಾರ್ಬನ್ ಗಟ್ಟಿಯಾಗಿದೆಯೇ? ಸ್ಟಡ್ ಬಾಗಿದೆಯೇ? ಚೈನಿನ ಟೆನ್ಷನರ್ ಸಡಿಲಿಸಿದ್ದೇವೆಯೇ? ಬೆರಳ ತುದಿ ಒಂದು ಸುತ್ತು ಬಂದರೆ ಸಾಕು, ಕಣ್ಣಿಗೆ ಕಾಣದ ಉಬ್ಬು ಚರ್ಮಕ್ಕೆ ಸಿಗುತ್ತದೆ. ಒರೆಸಿ, ನಯವಾದ ಎಮರಿಯಲ್ಲಿ ಸವರಿ, ಎಣ್ಣೆಯ ತೆಳುಪದರ ಹಚ್ಚಿ, ಎರಡೂ ಅಂಗೈಯಿಂದ ಎದುರುಬದುರು ಮೂಲೆಗಳನ್ನು ಒಂದಾದ ಮೇಲೊಂದರಂತೆ ಮೆಲ್ಲಗೆ ಒತ್ತಿದರೆ, ಮೊಂಡು ಹಿಡಿದಿದ್ದ ಹೆಡ್ ಜಾರಿ ಕೂರುತ್ತದೆ.

ಬಿಸಿ ಮಾಡಿದರೆ?

ಎಲ್ಲರಿಗೂ ಹೊಳೆಯುವ ಉಪಾಯವೊಂದಿದೆ: ಹೆಡ್ಡನ್ನು ಬಿಸಿ ಮಾಡಿದರೆ ರಂಧ್ರ ಹಿಗ್ಗುತ್ತದೆ, ಸಲೀಸಾಗಿ ಕೂರುತ್ತದೆ. ಬೇರಿಂಗ್ ಕೂರಿಸುವಾಗ ಇದು ಸೊಗಸಾಗಿ ನಡೆಯುತ್ತದೆ. ಹೆಡ್ಡಿನಲ್ಲಿ ಏನಾಗುತ್ತದೆ? ಲೆಕ್ಕ ಹಾಕಿದಾಗ ನನಗಂತೂ ಕುರ್ಚಿಯಿಂದ ಎದ್ದು ನಿಲ್ಲುವಂತಾಯಿತು!

ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಡೋವೆಲ್ ರಂಧ್ರ 12 ಮಿಲಿಮೀಟರ್ ಎಂದು ಹಿಡಿಯಿರಿ, ಹೆಡ್ಡನ್ನು 80 ಡಿಗ್ರಿಯಷ್ಟು ಬಿಸಿಯೇರಿಸಿ. ರಂಧ್ರ 22 ಮೈಕ್ರಾನ್ ದೊಡ್ಡದಾಗುತ್ತದೆ. ಒಳ್ಳೆಯದು. ಆದರೆ ಡೋವೆಲ್ ಎರಡಿವೆ! ಅವೆರಡರ ನಡುವಿನ ದೂರ 70 ಮಿಲಿಮೀಟರ್ ಎಂದರೆ, ಆ ದೂರವೂ ಹಿಗ್ಗುತ್ತದೆ. ಎಷ್ಟು? ಸುಮಾರು 129 ಮೈಕ್ರಾನ್! ರಂಧ್ರ ತೆರೆದುಕೊಂಡದ್ದರ ಆರು ಪಟ್ಟು ಹತ್ತಿರ, ರಂಧ್ರಗಳೇ ದೂರ ಸರಿದುಬಿಟ್ಟವು. ಕೆಳಗೆ ತಣ್ಣಗಿರುವ ಬ್ಲಾಕಿನ ಡೋವೆಲ್‌ಗಳು ಮಾತ್ರ ಇದ್ದಲ್ಲೇ ಇವೆ. ಸಹಾಯ ಮಾಡುತ್ತದೆಂದು ನಾವು ಕರೆದ ಬೆಂಕಿ, ಒಂದು ಬಾಗಿಲು ತೆರೆದು ಆರು ಬಾಗಿಲು ಮುಚ್ಚಿತು!

ಒಂದು ಪಿನ್ನಿಗೆ ಒಪ್ಪುವ ಸೂತ್ರ ಎರಡು ಪಿನ್ನಿಗೆ ಒಪ್ಪುವುದಿಲ್ಲ. ಹಾಗಾದರೆ ಬಿಸಿಯಿಂದ ಉಪಯೋಗವೇ ಇಲ್ಲವೇ? ಇದೆ. ಹೆಡ್ಡನ್ನೂ ಬ್ಲಾಕನ್ನೂ ಒಟ್ಟಿಗೆ, ಒಂದೇ ಹದಕ್ಕೆ ಬೆಚ್ಚಗೆ ಮಾಡಿದರೆ ಎರಡೂ ಜೊತೆಜೊತೆಯಾಗಿ ಹಿಗ್ಗುತ್ತವೆ, ರಂಧ್ರಗಳ ಸಾಲು ತಪ್ಪುವುದಿಲ್ಲ. ಉಕ್ಕಿನ ಡೋವೆಲ್ ಹಿಗ್ಗುವುದು ಅಲ್ಯೂಮಿನಿಯಂನ ಅರ್ಧದಷ್ಟು ಮಾತ್ರ. ಆ ವ್ಯತ್ಯಾಸದ ಹತ್ತು ಮೈಕ್ರಾನಿನಷ್ಟು ಅವಕಾಶದಲ್ಲಿ ಬಿಗಿ ಕರಗುತ್ತದೆ. ಕೂದಲೆಳೆಯ ಏಳನೆಯ ಒಂದು ಭಾಗ! ಅಷ್ಟು ಸಾಕು.

ನಟ್ ತಿರುಗಿದಾಗ ಏನಾಗುತ್ತದೆ?

ಹೆಡ್ ಕೂತಿತು. ಇನ್ನು ನಟ್. ಕಬ್ ವಂಶದ ಇಂಜಿನ್ನುಗಳಲ್ಲಿ ನಾಲ್ಕು ಸ್ಟಡ್ ದಾರಿಗಳಲ್ಲಿ ಒಂದು ಎಣ್ಣೆ ಮೇಲೇರುವ ದಾರಿಯೂ ಹೌದು, ಅದಕ್ಕೇ ಆ ಜಾಗಕ್ಕೆ ತಾಮ್ರದ ವಾಷರ್. ಅದು ಬಂದ ಜಾಗಕ್ಕೇ ಹೋಗಬೇಕು.

ಪಾನ ತಿರುಗುತ್ತದೆ. ನಾವು ಕಾಣುವುದು ನಟ್ ಬಿಗಿಯಾಗುವುದನ್ನು. ನಿಜದಲ್ಲಿ ಆಗುತ್ತಿರುವುದು ಸ್ಟಡ್ ಉದ್ದವಾಗುವುದು! ಗಟ್ಟಿ ಉಕ್ಕಿನ ಕಂಬಿ ರಬ್ಬರಿನಂತೆ ಎಳೆಸಿಕೊಳ್ಳುತ್ತಿದೆ. ಎಂಟು ಮಿಲಿಮೀಟರ್ ದಪ್ಪದ ಸ್ಟಡ್ ಎಂದು ಲೆಕ್ಕಕ್ಕೆ ಹಿಡಿಯೋಣ. 20 ಸೆಂಟಿಮೀಟರ್ ಉದ್ದದ ಪಾನದ ತುದಿಯನ್ನು ಹತ್ತು ಕಿಲೋ ಬಲದಿಂದ ಎಳೆದರೆ ಸುಮಾರು 20 ನ್ಯೂಟನ್ ಮೀಟರ್ ತಿರುಚು ಸಿಗುತ್ತದೆ. ಒಣ ಮರೆಯಲ್ಲಿ ಅಷ್ಟಕ್ಕೇ ಸ್ಟಡ್ಡಿನಲ್ಲಿ ಹುಟ್ಟುವ ಎಳೆತ ಸುಮಾರು 1250 ಕಿಲೋ! ನಾಲ್ಕು ಸ್ಟಡ್ಡಿಗೆ ಐದು ಟನ್! ಮಣಿಕಟ್ಟಿನ ಒಂದು ಎಳೆತ ನೂರಿಪ್ಪತ್ತೈದು ಪಟ್ಟಾಗಿ ಲೋಹದೊಳಗೆ ಇಳಿಯಿತು.

ಇದಕ್ಕಿಂತ ಬೆರಗಿನ ಸಂಗತಿ ಇನ್ನೊಂದಿದೆ. ನಮ್ಮ ಶ್ರಮದಲ್ಲಿ ಸ್ಟಡ್ ಎಳೆಯಲು ಹೋಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ. ಸುಮಾರು ಅರ್ಧ ನಟ್ಟಿನ ಅಡಿಯ ಘರ್ಷಣೆಗೆ, ಹತ್ತರಲ್ಲಿ ಸುಮಾರು ನಾಲ್ಕು ಪಾಲು ಮರೆಗಳ ಘರ್ಷಣೆಗೆ ಹೋಗಿಬಿಡುತ್ತದೆ. ಅದಕ್ಕೇ ಮರೆಗೆ ಎಣ್ಣೆ ತಾಗಿದೆಯೋ ಇಲ್ಲವೋ ಎಂಬುದು ದೊಡ್ಡ ಪ್ರಶ್ನೆ. ಎಣ್ಣೆ ಬಿದ್ದರೆ ಅದೇ ತಿರುಚಿಗೆ ಎಳೆತ ಮೂರನೇ ಒಂದರಷ್ಟು ಹೆಚ್ಚಬಹುದು. ಕೆಳಗೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸಿನೊಳಗಿನ ಮರೆ ತಾಳಲಾರದೆ ಸುಲಿದು ಬರಬಹುದು. ಕೈಪಿಡಿಯಲ್ಲಿ ಎಣ್ಣೆ ಹಚ್ಚಿ ಎಂದಿದ್ದರೆ ಹಚ್ಚಬೇಕು, ಒಣಗಿರಲಿ ಎಂದಿದ್ದರೆ ಒಣಗಿರಬೇಕು. ತಳ ಮುಚ್ಚಿದ ರಂಧ್ರಕ್ಕೆ ಬೋಲ್ಟ್ ಹಾಕುವ ಇಂಜಿನ್ನುಗಳಲ್ಲಂತೂ ತಳದಲ್ಲಿ ನಿಂತ ಒಂದು ಚಮಚ ಎಣ್ಣೆ ಕೂಡ ಅಪಾಯ. ದ್ರವ ಕುಗ್ಗುವುದಿಲ್ಲ, ಬೋಲ್ಟ್ ನಿಲ್ಲುವುದಿಲ್ಲ, ಲೋಹ ಸೀಳುತ್ತದೆ!

ಮೊದಲು ಒಂದು ನಟ್, ಆಮೇಲೆ ಅದರ ಎದುರು ಮೂಲೆಯದು. ಮೊದಲ ಸುತ್ತಿನಲ್ಲಿ ಬೆರಳ ಬಿಗಿ, ಎರಡನೆಯದರಲ್ಲಿ ಅರ್ಧ, ಮೂರನೆಯದರಲ್ಲಿ ಪೂರ್ತಿ. ಒಂದನ್ನೇ ಪೂರ್ತಿ ಬಿಗಿದರೆ ಆ ಮೂಲೆ ಗ್ಯಾಸ್ಕೆಟ್ಟನ್ನು ಕಚ್ಚಿ, ಎದುರು ಮೂಲೆ ಎದ್ದು, ಗಾಜಿನ ಮೇಲೆ ಉಜ್ಜಿ ಗಳಿಸಿದ ಆ 0.05 ಮಿಲಿಮೀಟರಿನ ಮಟ್ಟಸ ಒಂದೇ ಎಳೆತಕ್ಕೆ ಹಾಳಾಗುತ್ತದೆ. ಬಿಚ್ಚುವಾಗಲೂ ಹಾಗೆಯೇ: ಇಂಜಿನ್ ತಣ್ಣಗಾದ ಮೇಲೆ, ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ.

ಬಿಗಿದದ್ದು ಬದುಕುತ್ತದೆ, ಸಡಿಲವಾದದ್ದು ಮುರಿಯುತ್ತದೆ

ಈಗ ಇಡೀ ಕಥೆಯ ಗರ್ಭಕ್ಕೆ ಬಂದೆವು. ಹದಿನೈದು ಸೆಂಟಿಮೀಟರ್ ಉದ್ದದ ಸ್ಟಡ್ 1250 ಕಿಲೋ ಎಳೆತಕ್ಕೆ ಸುಮಾರು 0.2 ಮಿಲಿಮೀಟರ್ ಹಿಗ್ಗಿದೆ. ಅದು ಮತ್ತೆ ಕುಗ್ಗಲು ಹವಣಿಸುತ್ತಿದೆ, ಹಾಗಾಗಿ ಹೆಡ್ಡನ್ನು ಬ್ಲಾಕಿಗೆ ಒತ್ತುತ್ತಲೇ ಇದೆ. ಗ್ಯಾಸ್ಕೆಟ್ಟೂ ಅಲ್ಯೂಮಿನಿಯಂ ಗೋಡೆಗಳೂ ಆ ಒತ್ತಡಕ್ಕೆ ಕೂದಲೆಳೆಯಷ್ಟು ಕುಗ್ಗಿ ಕೂತಿವೆ.

ಈ ಹೊತ್ತಿಗೆ ಸ್ಫೋಟವಾಗುತ್ತದೆ. ಎಂಟು ಕ್ವಿಂಟಾಲ್ ಹೆಡ್ಡನ್ನು ಮೇಲೆ ತಳ್ಳುತ್ತದೆ. ಸ್ಟಡ್ಡುಗಳ ಮೇಲೆ ಆ ಭಾರವೆಲ್ಲ ಬೀಳುತ್ತದೆ ಎಂದುಕೊಂಡಿರಾ? ಇಲ್ಲ! ಅದರ ಬಹುಪಾಲು, ಆಗಲೇ ಒತ್ತಿ ಕೂತಿದ್ದ ಗ್ಯಾಸ್ಕೆಟ್ಟು ಮತ್ತು ಲೋಹದ ಒತ್ತಡವನ್ನು ಸ್ವಲ್ಪ ಕಡಿಮೆ ಮಾಡುವುದರಲ್ಲೇ ಖರ್ಚಾಗುತ್ತದೆ. ಐದು ಟನ್ ಒತ್ತಿದ್ದ ಜಾಗದಲ್ಲಿ ಈಗ ನಾಲ್ಕು ಟನ್ನಿಗೂ ಮೇಲೆ ಒತ್ತಿದೆ, ಅಷ್ಟೇ. ಸ್ಟಡ್ಡಿಗೆ ತಟ್ಟುವುದು ಒಂದು ಸಣ್ಣ ಪಾಲು. ಅದು ತಾನು ಹೊತ್ತ 1250 ಕಿಲೋದ ನಡುವೆ ಆ ಒದೆತವನ್ನು ಹೆಚ್ಚುಕಡಿಮೆ ಗಮನಿಸುವುದೇ ಇಲ್ಲ!

ನಟ್ ಸಡಿಲವಿದ್ದರೆ? ಆಗ ಒತ್ತಿ ಹಿಡಿಯುವ ಬಲ ಸಾಲದು, ಸಂದಿ ಬಿಟ್ಟುಕೊಳ್ಳುತ್ತದೆ, ಪ್ರತಿ ಸ್ಫೋಟದ ಪೂರ್ತಿ ಪೆಟ್ಟು ಸ್ಟಡ್ಡಿನ ಮೇಲೆ ಬೀಳುತ್ತದೆ. ಸೆಕೆಂಡಿಗೆ 50 ಸಲ ಎಳೆದು ಬಿಟ್ಟರೆ ಉಕ್ಕಿಗೂ ದಣಿವು ಬರುತ್ತದೆ, ಕೊನೆಗೊಂದು ದಿನ ಅದು ತುಂಡಾಗುತ್ತದೆ. ಅಂದರೆ ಹದವಾಗಿ ಬಿಗಿದ ಸ್ಟಡ್ 30 ಕೋಟಿ ಒದೆತ ತಿಂದೂ ಉಳಿಯುತ್ತದೆ, ಆರಾಮಾಗಿ ಸಡಿಲ ಬಿಟ್ಟ ಸ್ಟಡ್ ಮುರಿಯುತ್ತದೆ!

ಇಂಜಿನ್ ಬಿಸಿಯೇರಿದಾಗ ಇನ್ನೊಂದು ಅದ್ಭುತ. ಹದಿನೈದು ಸೆಂಟಿಮೀಟರ್ ಅಲ್ಯೂಮಿನಿಯಂ 100 ಡಿಗ್ರಿ ಏರಿಕೆಗೆ ಸುಮಾರು 0.34 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ, ಅಷ್ಟೇ ಬಿಸಿಯ ಉಕ್ಕು 0.18 ಮಾತ್ರ. ಹೆಡ್ಡು ಮತ್ತು ಬ್ಲಾಕು ಸ್ಟಡ್ಡಿಗಿಂತ ಜಾಸ್ತಿ ಬೆಳೆಯುತ್ತವೆ, ಸ್ಟಡ್ ಇನ್ನಷ್ಟು ಎಳೆಸಿಕೊಳ್ಳುತ್ತದೆ, ಹಿಡಿತ ತಾನಾಗಿ ಗಟ್ಟಿಯಾಗುತ್ತದೆ. ಬೆಂಕಿ ಜೋರಾದಂತೆ ಬೀಗವೂ ಜೋರು! ತಣ್ಣಗಿದ್ದಾಗಲೇ ಬಿಗಿಯಬೇಕು ಎಂಬ ಗ್ಯಾರೇಜಿನ ಕಟ್ಟಳೆಯ ಹಿಂದಿರುವ ಗುಟ್ಟು ಇದು. ಬಿಸಿಯಲ್ಲಿ ಬಿಗಿದು ಬಿಟ್ಟರೆ ತಣ್ಣಗಾದಾಗ ಹಿಡಿತ ಕಡಿಮೆಯಾಗುತ್ತದೆ.

ಹನ್ನೆರಡು ಸಿಸಿಯ ಲೋಕ

ಇಷ್ಟೆಲ್ಲ ಯಾವುದಕ್ಕಾಗಿ? ಪಿಸ್ಟನ್ ಮೇಲೇರಿ ನಿಂತಾಗ ಅದರ ತಲೆಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗಕ್ಕಾಗಿ. ಒತ್ತಡದ ಅನುಪಾತ 9:1 ಎಂದು ಹಿಡಿದರೆ ಆ ಕೋಣೆಯ ಅಳತೆ ಹನ್ನೆರಡು ಸಿಸಿಗಿಂತ ಚೂರು ಹೆಚ್ಚು. ಇಡೀ ಗಾಡಿ, ಇಬ್ಬರು ಸವಾರರು, ಹಿಂದೆ ಕಟ್ಟಿದ ತರಕಾರಿ ಮೂಟೆ, ಎಲ್ಲವೂ ಈ ಹನ್ನೆರಡು ಸಿಸಿಯ ಬೆಂಕಿಯಿಂದ ಓಡುತ್ತದೆ! ಗ್ಯಾಸ್ಕೆಟ್ 0.1 ಮಿಲಿಮೀಟರ್ ದಪ್ಪವಾದರೆ ಆ ಕೋಣೆ 0.2 ಸಿಸಿಯಷ್ಟು ದೊಡ್ಡದಾಗುತ್ತದೆ, 9 ಇದ್ದ ಅನುಪಾತ 8.87ರ ಹತ್ತಿರಕ್ಕೆ ಇಳಿಯುತ್ತದೆ. ಕಾಗದದ ಹಾಳೆಯೊಂದರ ದಪ್ಪ ಇಂಜಿನ್ನಿನ ಸ್ವಭಾವವನ್ನೇ ಬದಲಿಸಬಲ್ಲದು.

ಮೈಸೂರಿನ ಮಾತು ಬರದಿದ್ದರೆ ಈ ಕಥೆ ಪೂರ್ತಿಯಾಗದು. 1961ರಿಂದ 1996ರವರೆಗೆ ಅಲ್ಲಿನ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ಕಟ್ಟಿತು. ಅವುಗಳ 250 ಸಿಸಿ ಟು-ಸ್ಟ್ರೋಕ್ ಇಂಜಿನ್ನಿಗೆ 65 ಮಿಲಿಮೀಟರ್ ಬೋರ್, 75 ಮಿಲಿಮೀಟರ್ ಸ್ಟ್ರೋಕ್. ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಚೈನ್ ಇಲ್ಲ. ರೆಕ್ಕೆ ಮೂಡಿದ ಒಂದು ಸರಳ ಅಲ್ಯೂಮಿನಿಯಂ ಮುಚ್ಚಳ. ಸರಳವೆಂದು ಸುಲಭವಲ್ಲ! ಟು-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಬೆಂಕಿ, ಪಿಸ್ಟನ್ ತಲೆ 33 ಚದರ ಸೆಂಟಿಮೀಟರ್. ಕೆಳಗಿನ ಸಿಲಿಂಡರ್ ಎರಕದ ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ಹಿಗ್ಗುವ ಹದ ಬೇರೆ ಬೇರೆಯಾದ ಎರಡು ಲೋಹಗಳು ಒಂದೇ ಸಂದಿಯಲ್ಲಿ ಬೆಳೆಯುತ್ತ ಕುಗ್ಗುತ್ತ ಒಟ್ಟಿಗೆ ಬಾಳಬೇಕು. ಇಂಗಾಲ ಹಿಡಿದು ಅಂಟಿಕೊಂಡ ಹೆಡ್ಡನ್ನು ಬಿಡಿಸಲು ಹಳೆಯ ಟು-ಸ್ಟ್ರೋಕ್ ಕೈಗಳು ಬಳಸುವ ಉಪಾಯವೂ ಸೊಗಸು: ನಟ್ಟುಗಳನ್ನು ಕೆಲವು ಮರೆಯಷ್ಟು ಸಡಿಲಿಸಿ, ಪ್ಲಗ್ ಹಾಗೇ ಬಿಟ್ಟು, ಅದರ ವಯರ್ ಮಾತ್ರ ಕಿತ್ತಿಟ್ಟು, ಕಿಕ್ ಹೊಡೆಯುವುದು. ಸುತ್ತಿಗೆ ಇಲ್ಲದೆ, ಸ್ಕ್ರೂಡ್ರೈವರ್ ತೂರಿಸದೆ, ಇಂಜಿನ್ ತನ್ನದೇ ಉಸಿರಿನಿಂದ ತನ್ನ ಹೆಡ್ಡನ್ನು ಎಬ್ಬಿಸಿಕೊಡುತ್ತದೆ!

ಪಾಠ ಗ್ಯಾರೇಜಿನಲ್ಲಿದೆ

ಎಳೆದಷ್ಟೂ ಅದೇ ಪ್ರಮಾಣದಲ್ಲಿ ಹಿಂದಕ್ಕೆಳೆಯುವ ಬಲ ಹುಟ್ಟುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ನಮ್ಮ ಮೊದಲ ಪಿಯುಸಿ ಮಕ್ಕಳು ಅದನ್ನು ಯಂಗ್ ಮಾಡ್ಯುಲಸ್ ಜೊತೆ ಓದುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಅದೇ ನಿಯಮ ಅವರ ಅಪ್ಪನ ಬೈಕಿನಲ್ಲಿ ಸೆಕೆಂಡಿಗೆ 50 ಸಲ ಸಾಬೀತಾಗುತ್ತಿದೆ! ಐಟಿಐನ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ವಿದ್ಯಾರ್ಥಿ ಟಾರ್ಕ್ ರೆಂಚ್ ಹಿಡಿದಾಗ ಅವನ ಕೈಯಲ್ಲಿರುವುದು ಹುಕ್‌ನ ನಿಯಮದ ಹಿಡಿಕೆ. ರೈಲು ಸೇತುವೆಯ ಬೋಲ್ಟುಗಳು, ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳ ಬುಡದ ಬೋಲ್ಟುಗಳು ಇದೇ ಲೆಕ್ಕದ ಮೇಲೆ ನಿಂತಿವೆ: ಮೊದಲೇ ಚೆನ್ನಾಗಿ ಎಳೆದಿಟ್ಟ ಉಕ್ಕು ಮುಂದಿನ ಪೆಟ್ಟುಗಳಿಗೆ ಜಗ್ಗುವುದಿಲ್ಲ.

ಬಿಗಿಯಾದ ಹೆಡ್ಡನ್ನು ಸುತ್ತಿಗೆಯಿಂದ ಗೆಲ್ಲಲಾಗದು. ಮಟ್ಟಸ, ಸ್ವಚ್ಛತೆ, ನೇರ, ಹದ ಈ ನಾಲ್ಕಕ್ಕೆ ಮಾತ್ರ ಅದು ಒಪ್ಪುತ್ತದೆ. ಒಪ್ಪಿತೆಂದರೆ ಐದು ಟನ್ನಿನ ನಿಷ್ಠೆಯಿಂದ ವರ್ಷಗಟ್ಟಲೆ ಕೂರುತ್ತದೆ. ಇದನ್ನೆಲ್ಲ ಕೈಯಿಂದ ಕಲಿತು, ಎಣ್ಣೆ ಮೆತ್ತಿದ ಬೆರಳಿನಿಂದ ಮೈಕ್ರಾನುಗಳನ್ನು ಓದಬಲ್ಲ ಜನ ನಮ್ಮ ಬೀದಿಗಳಲ್ಲೇ ಇದ್ದಾರೆ. ಮುಂದಿನ ಸಲ ಮನೆಯ ಗಾಡಿಯ ಹೆಡ್ ಬಿಚ್ಚುವ ದಿನ ಮಕ್ಕಳನ್ನು ಕರೆದುಕೊಂಡೇ ಹೋಗಿ. ಆ ನಾಲ್ಕು ಉಕ್ಕಿನ ಕಂಬಿಗಳನ್ನು ತೋರಿಸಿ, ಈ ಇಂಜಿನ್ನಿನ ಅತಿ ಬಲವಾದ ಸ್ಪ್ರಿಂಗ್ ಯಾವುದೆಂದು ಕೇಳಿ. ಉತ್ತರ ಹೊಳೆದ ಮಗು ವಿಜ್ಞಾನವನ್ನು ಇನ್ನೆಂದೂ ಪುಸ್ತಕದೊಳಗೆ ಮಾತ್ರ ಹುಡುಕುವುದಿಲ್ಲ!